ಮಾರಿಯ ತವರು, ಅವ್ವನ ತವರು

2023ರ ಫೆಬ್ರವರಿ 7, ಮಂಗಳವಾರ. ಸಾಗರದ ಮಾರಿಜಾತ್ರೆಯ ಮೊದಲ ದಿನ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಅವ್ವನನ್ನು ಕರೆದುಕೊಂಡು ಹೊರಟಿದ್ದೆ. ಆದರೂ ತವರುಮನೆಯ ಸಾಲಿಗೆ ನಾವು ಸೇರಿಕೊಳ್ಳುವ ಹೊತ್ತಿಗೆ ಮುಂದೆ ನೂರಾರು ಹೆಂಗಸರು ನಿಂತಾಗಿತ್ತು. ಎಲ್ಲರ ಕೈಯಲ್ಲೂ ಒಂದೊಂದು ತಟ್ಟೆ ಇಲ್ಲವೆ ಚೀಲ. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ, ಬಳೆ, ಅರಿಶಿನ ಕುಂಕುಮ, ಎಲೆ ಅಡಿಕೆ. ದೇವಿಗೆ ಉಡಿ ತುಂಬುವ ಸಾಮಾನು.

ಅವ್ವನಿಗೆ ಆಗ ಎಪ್ಪತ್ತೇಳು. ಮಂಡಿನೋವು. ಹಿಂದಿನ ರಾತ್ರಿಯೇ ನಾನು ಒಂದು ಉಪಾಯ ಹೇಳಿ ನೋಡಿದ್ದೆ. "ನಾಳೆ ರಾತ್ರಿ ಕಳೆದರೆ ಅಮ್ಮನವರು ಗಂಡನ ಮನೆಗೆ ಬರ್ತಾರೆ. ಆಮೇಲೆ ಎಂಟು ದಿನ ಅಲ್ಲೇ ಇರ್ತಾರಲ್ಲ, ಜನ ಕಡಿಮೆ ಇರೋ ಹೊತ್ತು ನೋಡಿ ಹೋಗಾಣ" ಎಂದಿದ್ದೆ. ಅವ್ವ ಒಪ್ಪಲಿಲ್ಲ. "ಗಂಡನ ಮನೇಲಿ ಯಾವತ್ತು ಬೇಕಾದ್ರೂ ಸಿಕ್ತಾಳೆ. ತವರಲ್ಲಿ ಇರೋದು ಒಂದೇ ದಿನ. ಹೆಣ್ಣು ತವರಲ್ಲಿದ್ದಾಗ ನೋಡ್ಬೇಕು" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಾಲಿನಲ್ಲಿ ನಿಂತಾಗ ಅವ್ವನ ಕೈಚೀಲವನ್ನು ನಾನು ತೆಗೆದುಕೊಂಡೆ. ಭಾರವಾಗಿತ್ತು. ಒಳಗೆ ನೋಡಿದರೆ ಉಡಿ ಒಂದಲ್ಲ, ಎರಡಿದ್ದವು. "ಇನ್ನೊಂದು ಯಾರಿಗವ್ವಾ?" ಎಂದೆ. "ಇರ್ಲಿ, ಬೇಕಾಗ್ತದೆ" ಎಂದಳು, ಅಷ್ಟೇ.

ಈ ಜಾತ್ರೆ ನಮ್ಮಲ್ಲಿ ನಡೆಯುವುದು ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ಊರಿನಲ್ಲಿ ದೇವಿಗೆ ಎರಡು ಗುಡಿ. ಒಂದು ತವರುಮನೆ, ಇನ್ನೊಂದು ಗಂಡನ ಮನೆ. ಮಂಗಳವಾರ ಇಡೀ ದಿನ ತವರಿನಲ್ಲಿದ್ದು ಉಡಿ ತುಂಬಿಸಿಕೊಂಡು, ಅಂದು ರಾತ್ರಿ ಮೆರವಣಿಗೆಯಲ್ಲಿ ಗಂಡನ ಮನೆಗೆ ಹೋಗುತ್ತಾಳೆ. ಹೊರಗಿನಿಂದ ಬಂದವರಿಗೆ ಜಾತ್ರೆಯೆಂದರೆ ತೊಟ್ಟಿಲು, ಬಳೆಯಂಗಡಿ, ಮಿಠಾಯಿ, ನಾಟಕ. ಊರಿನ ಹೆಂಗಸರಿಗೆ ಅದು ಒಬ್ಬ ಮಗಳನ್ನು ಮನೆಯಿಂದ ಕಳಿಸಿಕೊಡುವ ಕಾರ್ಯ. ಮೂರು ವರ್ಷಕ್ಕೆ ಒಂದೇ ದಿನ ತವರು ಎಂಬ ಈ ಲೆಕ್ಕವನ್ನು ಯಾರು ಹಾಕಿದರೋ, ನಮ್ಮ ಕಡೆಯ ಹೆಣ್ಣುಮಕ್ಕಳ ಬಾಳನ್ನು ಬಲ್ಲವರೇ ಇರಬೇಕು.

ನಾನು ಸಮಾಜ ಪಾಠ ಮಾಡುವವಳು. ಸಾಗರದ ಚರಿತ್ರೆಯೆಂದರೆ ಮಕ್ಕಳಿಗೆ ಕೆಳದಿಯಿಂದಲೇ ಶುರುಮಾಡುತ್ತೇನೆ. ಚೌಡಪ್ಪ ನಾಯಕ ಕಟ್ಟಿದ ಸಣ್ಣ ಪಾಳೆಯಪಟ್ಟು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಬದಲಿಸುತ್ತ ಬೆಳೆಯಿತು. ಆ ಬಿದನೂರೇ ಇಂದಿನ ಹೊಸನಗರ ತಾಲೂಕಿನ ನಗರ. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. ಕೆಳದಿ, ಇಕ್ಕೇರಿಗಳ ನಡುವೆ ಸದಾಶಿವ ನಾಯಕನ ಹೆಸರಿನಲ್ಲಿ ಕಟ್ಟಿಸಿದ ಕೆರೆಯಿಂದ ಸಾಗರಕ್ಕೆ ಸಾಗರವೆಂಬ ಹೆಸರು ಬಂತು. ಮಾರಿಕಾಂಬೆಯ ಗುಡಿ ಇಕ್ಕೇರಿಯ ವೆಂಕಟಪ್ಪ ನಾಯಕನ ಕಾಲದ್ದೆಂದು ಊರಿನ ನಂಬಿಕೆ.

ಆ ವೆಂಕಟಪ್ಪ ನಾಯಕನ ಕಾಲದ ಒಂದು ಹಬ್ಬವನ್ನು ಕಣ್ಣಾರೆ ಕಂಡು ಬರೆದಿಟ್ಟವನು ನಮ್ಮವನಲ್ಲ, ಇಟಲಿಯವನು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರ ನವೆಂಬರಿನಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಿದ್ದ. ಅವನ ಕಾಗದಗಳಲ್ಲಿ ಅರಮನೆಯ ಮಾತು, ಅಘೋರೇಶ್ವರನ ಗುಡಿಯ ಉತ್ಸವದ ಮಾತು ಇವೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ರಾತ್ರಿ ದೀಪದ ಬೆಳಕಿನಲ್ಲಿ ಎಳೆಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬೀದಿಯಲ್ಲಿ ಬರುತ್ತಾರೆ. ಒಳ್ಳೆಯ ಬಟ್ಟೆ ಉಟ್ಟಿದ್ದಾರೆ. ಕೈಯಲ್ಲಿ ಬಣ್ಣದ ಪುಟ್ಟ ಕೋಲುಗಳು. ದುಂಡಗೆ ಸುತ್ತುತ್ತ, ಕೋಲು ತಾಗಿಸುತ್ತ, ಹಾಡುತ್ತ ಹೋಗುತ್ತಾರೆ. ಇದು ಗೌರಿಯ ಪೂಜೆ ಎಂದು ಅಲ್ಲಿಯವರು ಅವನಿಗೆ ತಿಳಿಸುತ್ತಾರೆ. ಅದೇ ಊರಿನಲ್ಲಿ ಗಂಡನ ಹಿಂದೆ ಸಹಗಮನಕ್ಕೆ ಹೊರಟ ಒಬ್ಬ ಹೆಂಗಸನ್ನೂ ಅವನು ಮಾತನಾಡಿಸಿ, ಬೇಡವೆಂದು ಹೇಳಿ ನೋಡುತ್ತಾನೆ.

ನಮ್ಮ ಪಠ್ಯಪುಸ್ತಕದಲ್ಲಿ ಇಕ್ಕೇರಿಯ ಅರಸರ ಹೆಸರುಗಳಿವೆ. ಕೋಲಾಟದ ಹುಡುಗಿಯರಿಗೆ ಹೆಸರಿಲ್ಲ. ಆದರೆ ಅರಸರ ಅರಮನೆ ಇಂದು ಇಕ್ಕೇರಿಯಲ್ಲಿ ಉಳಿದಿಲ್ಲ, ಕೋಲಾಟ ಉಳಿದಿದೆ. ಮಕ್ಕಳಿಗೆ ಈ ಪಾಠ ಮಾಡುವಾಗಲೆಲ್ಲ ಬರವಣಿಗೆಯಲ್ಲಿ ಹೆಸರಿಲ್ಲದವರು ತಮ್ಮ ಹೆಸರನ್ನು ಎಲ್ಲಿ ಇಟ್ಟುಕೊಂಡಿದ್ದರು ಎಂಬ ಯೋಚನೆ ನನಗೆ ಬರುತ್ತದೆ. ಅವ್ವನ ತವರಿನ ಕಥೆಗೂ ಈ ಯೋಚನೆಗೂ ಸಂಬಂಧವಿದೆ.

ಅವ್ವನ ತವರು ಶರಾವತಿಯ ಆಚೆ ದಡದ ಕರೂರು ಸೀಮೆಯಲ್ಲಿತ್ತು. ನಾವು ದೀವರು. ಅಜ್ಜ ಗೇಣಿಗೆ ಗದ್ದೆ ಮಾಡಿಕೊಂಡಿದ್ದವನು. ಗೇಣಿಯೆಂದರೆ ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ನೆಲ ಒಡೆಯರದು, ಬೆವರು ನಮ್ಮದು, ಭತ್ತ ಅಳೆಯುವ ಕೊಳಗ ಮತ್ತೆ ಒಡೆಯರದು. ಆ ಕೊಳಗದ ಅಳತೆಯ ಜಗಳವೇ 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಗೇಣಿದಾರರು ಎದ್ದು ನಿಂತರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದಲೇ ನಾಡಿಗೆ ಪರಿಚಯವಾದರು. ಅಜ್ಜ ಆ ಹೋರಾಟಕ್ಕೆ ಹೋದವನಲ್ಲ, ಹೊಳೆಯಾಚೆ ಕೂತು ಸುದ್ದಿ ಕೇಳಿದವನು. ಆದರೆ ಆ ಸುದ್ದಿ ಬಂದ ವರ್ಷ ಗದ್ದೆಯ ಬದುವಿನ ಮೇಲೆ ಅಪ್ಪ ಬೇರೆ ಥರ ನಡೀತಿದ್ದ ಎಂದು ಅವ್ವ ಹೇಳುವುದುಂಟು.

ಕಾಗದದಲ್ಲಿ ಅಜ್ಜನ ಹೆಸರಿಲ್ಲ. ಹಬ್ಬದಲ್ಲಿ ಮಾತ್ರ ಇತ್ತು. ಊರ ಅಂಚಿನ ಚೌಡಿಬನದಲ್ಲಿ ವರ್ಷದ ಮೊದಲ ಕಾಯಿ ಒಡೆಯುವುದು ಅಜ್ಜನ ಮನೆಯಿಂದ. ಆ ಹಕ್ಕನ್ನು ಒಡೆಯರೂ ಪ್ರಶ್ನೆ ಮಾಡುತ್ತಿರಲಿಲ್ಲ. ದೀಪಾವಳಿಯ ರಾತ್ರಿ ಅಂಟಿಗೆ ಪಿಂಟಿಗೆಯವರು ಗುಡಿಯಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು, ಬಲೀಂದ್ರನ ಪದ ಹೇಳುತ್ತ ಕಾಡುದಾರಿಯಲ್ಲಿ ಮನೆಯಿಂದ ಮನೆಗೆ ಬರುತ್ತಿದ್ದರು. ಅವರು ಬಾಗಿಲಿಗೆ ಬಂದಾಗ ಅಜ್ಜಿ ಎಣ್ಣೆ ಹೊಯ್ದು, ಆ ದೀಪದಿಂದ ತನ್ನ ಮನೆಯ ದೀಪ ಹಚ್ಚಿಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡದು ಭೂಮಿ ಹುಣ್ಣಿಮೆ. ಸೀಗೆ ಹುಣ್ಣಿಮೆಯೆಂದೂ ಕರೆಯುತ್ತಾರೆ. ಭತ್ತ ಹೊಡೆ ಕಟ್ಟುವ ಕಾಲ. ಭೂಮಿ ಬಸುರಿ, ಬಸುರಿಗೆ ಬಯಕೆಯೂಟ ಬಡಿಸಬೇಕು. ಅದಕ್ಕೆ ವಾರದ ಮೊದಲೇ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದರು. ಇದೇ ಭೂಮಣ್ಣಿ ಬುಟ್ಟಿ. ಭತ್ತದ ಸಸಿ, ಏಣಿ, ಬೀಸುವವರು, ಕುಟ್ಟುವವರು, ಎತ್ತಿನ ಜೋಡಿ ಎಲ್ಲ ಆ ಗೆರೆಗಳಲ್ಲಿ ಬರಬೇಕು. ಹುಣ್ಣಿಮೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಅಡಿಗೆ ಮಾಡಿ, ಕಾಡಿನ ಸೊಪ್ಪುಗಳನ್ನೆಲ್ಲ ಬೇಯಿಸಿ ಹಚ್ಚಂಬಲಿ ಮಾಡಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಬೀರಿ, ಬದುವಿನ ಮೇಲೇ ಕೂತು ಉಣ್ಣಬೇಕು. ಆ ಒಂದು ಬೆಳಗಿನಲ್ಲಿ ಗದ್ದೆ ಒಡೆಯರದಲ್ಲ, ಊಟ ಬಡಿಸಿದವಳದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಹಿರೇಭಾಸ್ಕರದಲ್ಲಿ ಕಟ್ಟೆ ಕಟ್ಟಿ, 1948ರಿಂದ ಜೋಗದಲ್ಲಿ ವಿದ್ಯುತ್ ತೆಗೆಯುತ್ತಿದ್ದರು. ಆಗಲೂ ಜನ ಊರು ಬಿಟ್ಟಿದ್ದರು. ಒಂದು ಮುಳುಗಡೆಯಿಂದ ಎದ್ದು ಸ್ವಲ್ಪ ಮೇಲೆ ಮನೆ ಕಟ್ಟಿಕೊಂಡವರು ಎರಡನೆಯ ಮುಳುಗಡೆಗೂ ಸಿಕ್ಕಿದ್ದುಂಟು. ಕೊನೆಗೆ ಹಳೆಯ ಹಿರೇಭಾಸ್ಕರ ಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ಕಟ್ಟೆಯನ್ನೇ ಮುಳುಗಿಸುವ ನೀರಿಗೆ ಚೌಡಿಬನ ಯಾವ ಲೆಕ್ಕ?

ಅವ್ವನ ಮದುವೆ 1963ರಲ್ಲಿ. ಹದಿನೇಳು ವರ್ಷ. ತವರಿನಲ್ಲಿ ಮುಳುಗಡೆಯ ಮಾತು ನಡೆದಿತ್ತು, ಮಗಳ ಮದುವೆ ಈ ಅಂಗಳದಲ್ಲೇ ಆಗಿಹೋಗಲಿ ಎಂದು ಅಜ್ಜ ಅವಸರ ಮಾಡಿದನಂತೆ. ಮುಂದಿನ ವರ್ಷ ತವರಿನವರು ಲಾರಿಯಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗದ ಕಡೆಯ ಒಂದು ಕಾಡಂಚಿಗೆ ಹೋದರು. ಪರಿಹಾರದ ಹಣ ಸಂದದ್ದು ಕಾಗದದಲ್ಲಿ ಹೆಸರಿದ್ದವರಿಗೆ. ಅಜ್ಜನ ಕೈಗೆ ಬಂದದ್ದು ಹುಲ್ಲುಮಾಡಿನ ಮನೆಗೆಂದು ಒಂದಿಷ್ಟು. ಉಳುವವನೇ ಒಡೆಯನೆಂಬ ಕಾನೂನು ಗಟ್ಟಿಯಾಗಿ ಜಾರಿಗೆ ಬಂದದ್ದು 1974ರಲ್ಲಿ. ನಮ್ಮವರ ಗದ್ದೆ ಹತ್ತು ವರ್ಷ ಮೊದಲೇ ನೀರಿನಡಿ ಹೋಗಿತ್ತು. ಹೊಸ ಜಾಗದಲ್ಲಿ ಕಾಡು ಕಡಿದು ಸಾಗು ಮಾಡಿದ ನೆಲಕ್ಕಾದರೂ ಹಕ್ಕುಪತ್ರ ಸಿಕ್ಕಿತೇ ಎಂದರೆ, ಅದು ಅರಣ್ಯವೋ ಕಂದಾಯವೋ ಎಂಬ ತಕರಾರು ಶರಾವತಿ ಸಂತ್ರಸ್ತರಿಗೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ನಾಡಿಗೆ ಬೆಳಕು ಬೇಕಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಿ.ಎ. ಓದುವಾಗ ನಾನು ರಾತ್ರಿ ಪುಸ್ತಕ ಹಿಡಿದು ಕೂತದ್ದು ವಿದ್ಯುದ್ದೀಪದ ಕೆಳಗೇ. ಆದರೆ ಸಾಗರದಲ್ಲೇ ಇದ್ದು, ಶರಾವತಿ ಯೋಜನೆಯಲ್ಲಿ ನೌಕರಿಯನ್ನೂ ಮಾಡಿ, 'ಮುಳುಗಡೆ', 'ದ್ವೀಪ' ಎಂಬ ಕಾದಂಬರಿಗಳನ್ನು ಬರೆದ ನಾ. ಡಿಸೋಜರು ಇರದಿದ್ದರೆ ಈ ಬೆಳಕಿನ ಬೆಲೆಯನ್ನು ನಾಡು ಕೇಳುತ್ತಿತ್ತೋ ಇಲ್ಲವೋ. 'ದ್ವೀಪ'ವನ್ನು ಸಿನಿಮಾ ಮಾಡಿದವರು ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ ಕಾಸರವಳ್ಳಿ. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡಾಗ ಅವ್ವ ಟಿವಿಯ ಮುಂದೆ ಕೂತು ಕೈಮುಗಿದಳು. ಅವರ ಒಂದು ಪುಸ್ತಕವನ್ನೂ ಓದಿದವಳಲ್ಲ. "ನಮ್ ಕಡೆಯೋರು" ಎಂದಳು.

ಊರು ಬಿಡುವ ದಿನ ಅಜ್ಜಿ ಚೌಡಿಬನದಿಂದ ಒಂದು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ದೊಡ್ಡ ಕಲ್ಲನ್ನು ಎತ್ತಲಾಗಲಿಲ್ಲ. ಹೊಸ ಜಾಗದಲ್ಲಿ ಒಂದು ಮತ್ತಿಮರದ ಬುಡದಲ್ಲಿ ಆ ಕಲ್ಲು ಕೂತಿತು. ಆ ವರ್ಷದ ಭೂಮಿ ಹುಣ್ಣಿಮೆಗೆ ಗದ್ದೆಯಿಲ್ಲ, ಪೈರಿಲ್ಲ. ಅಜ್ಜಿ ಬುಟ್ಟಿ ಬರೆದಳಂತೆ. ಕಡಿದ ಮರದ ಮೋಟುಗಳ ನಡುವೆ ಹಚ್ಚಂಬಲಿ ಬೀರಿದಳಂತೆ. ಅದನ್ನು ನೋಡಿ ಪಕ್ಕದವರು ನಕ್ಕರೆ, "ಬಸುರಿ ಆಗ್ಲಿ ಅಂತ ಮೊದಲೇ ಬಡಿಸ್ತಿದೀನಿ" ಎಂದಳಂತೆ.

ನನ್ನ ಮೊದಲ ನೌಕರಿ ಹೊಸನಗರ ತಾಲೂಕಿನಲ್ಲಿ. ಒಂದು ವರ್ಷ ಮಕ್ಕಳನ್ನು ಹುಂಚಕ್ಕೆ ಕರೆದುಕೊಂಡು ಹೋಗಿದ್ದೆ. ಪದ್ಮಾವತಿ ಅಮ್ಮನವರ ಸನ್ನಿಧಿಗೆ ಜೈನರು ನಾಡಿನ ಮೂಲೆಮೂಲೆಯಿಂದ ಬರುತ್ತಾರೆ, ವರ್ಷವರ್ಷ ರಥೋತ್ಸವ ನಡೆಯುತ್ತದೆ. ಸಾಂತರ ಅರಸರ ಆ ಊರಿನಲ್ಲಿ ಐದು ಗರ್ಭಗುಡಿಗಳ ಪಂಚಬಸದಿಯೊಂದಿದೆ. 1077ರಲ್ಲಿ ಅದನ್ನು ಕಟ್ಟಿಸಿದವಳು ಚಟ್ಟಲದೇವಿ. ತೀರಿಕೊಂಡ ತನ್ನ ಬಂಧುಗಳ ನೆನಪಿಗೆ ಕಟ್ಟಿಸಿದ್ದೆಂದು ಶಾಸನ ಹೇಳುತ್ತದೆ. ಮಕ್ಕಳು ಕಲ್ಲಿನ ಆನೆ ನೋಡುತ್ತಿದ್ದರು. ನನಗೆ ಅಜ್ಜಿಯ ಸೆರಗಿನ ಕಲ್ಲು ನೆನಪಾಯಿತು. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬಳ ಕಲ್ಲಿನ ಮೇಲೆ ಬರಹವಿದೆ, ಇನ್ನೊಬ್ಬಳ ಕಲ್ಲಿನ ಮೇಲೆ ಕುಂಕುಮವಿದೆ.

ಆಮೇಲೆ ನನಗೆ ತೀರ್ಥಹಳ್ಳಿ ತಾಲೂಕಿಗೆ ವರ್ಗವಾಯಿತು. ನಮ್ಮ ಮನೆಯವರೆಲ್ಲರ ಬಾಳನ್ನು ಕಟ್ಟಿದ, ಕೆಡವಿದ ಶರಾವತಿ ಹುಟ್ಟುವುದು ಇದೇ ತಾಲೂಕಿನ ಅಂಬುತೀರ್ಥದಲ್ಲಿ. ಸೀತೆಯ ಬಾಯಾರಿಕೆಗೆ ರಾಮ ಬಾಣ ಬಿಟ್ಟು ತೆಗೆದ ನೀರೆಂದು ಕಥೆ. ಅಲ್ಲಿ ಅದು ಒಂದು ಸಣ್ಣ ಕೊಳ. ಅವ್ವನನ್ನು ಒಮ್ಮೆ ಕರೆದೊಯ್ದಿದ್ದೆ. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ಮುಖಕ್ಕೆ ಹಾಕಿಕೊಂಡು, "ಇಷ್ಟೇ ಇಷ್ಟು ಇದ್ದಿದ್ದು ಎಷ್ಟು ಮಾಡ್ತಲ್ಲ" ಎಂದಳು. ಸಿಟ್ಟಿನಿಂದಲ್ಲ, ತುಂಟ ಮೊಮ್ಮಗುವಿಗೆ ಹೇಳುವ ಹಾಗೆ.

ತೀರ್ಥಹಳ್ಳಿಯ ಜಾತ್ರೆ ಎಳ್ಳಮಾವಾಸ್ಯೆಯದು, ತುಂಗಾನದಿಯ ದಡದಲ್ಲಿ ನಡೆಯುವುದು. ತಾಯಿಯ ತಲೆ ಕಡಿದ ಪರಶುರಾಮ ಎಷ್ಟು ತೀರ್ಥಗಳಲ್ಲಿ ತೊಳೆದರೂ ಕೊಡಲಿಯ ಮೇಲೆ ಎಳ್ಳಿನಷ್ಟು ರಕ್ತದ ಕಲೆ ಉಳಿದೇ ಇತ್ತಂತೆ. ಇಲ್ಲಿಯ ತುಂಗೆಯಲ್ಲಿ ತೊಳೆದಾಗ ಹೋಯಿತಂತೆ. ಹಾಗಾಗಿ ನದಿಯ ಬಂಡೆಗಳ ನಡುವಿನ ರಾಮಕುಂಡದಲ್ಲಿ ಎಳ್ಳಮಾವಾಸ್ಯೆಯ ಬೆಳಗ್ಗೆ ಮೀಯಲು ಸಾವಿರಾರು ಜನ ಸೇರುತ್ತಾರೆ. ಮೊದಲ ದಿನ ತೀರ್ಥಸ್ನಾನ, ಎರಡನೆಯ ದಿನ ರಾಮೇಶ್ವರನ ರಥ, ಮೂರನೆಯ ರಾತ್ರಿ ತೆಪ್ಪೋತ್ಸವ. 1943ರ ಜಯಚಾಮರಾಜೇಂದ್ರ ಸೇತುವೆಯ ಮೇಲೂ ಎರಡೂ ದಡದ ಮೇಲೂ ಕಾಲಿಡಲು ಜಾಗವಿರುವುದಿಲ್ಲ.

ತೀರ್ಥಹಳ್ಳಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜಾತ್ರೆಗಿಂತ ಮಳೆಗಾಲ. ಆಷಾಢದಲ್ಲಿ ತುಂಗೆ ಏರಿ ನದಿಯೊಳಗಿನ ರಾಮಮಂಟಪ ಮುಳುಗುತ್ತದೆ. ಊರಿನವರು ಕೊಡೆ ಹಿಡಿದು ಸೇತುವೆಯ ಮೇಲೆ ನಿಂತು, ಮಂಟಪ ಮುಳುಗಿತೋ ಇಲ್ಲವೋ ಎಂದು ನೋಡುತ್ತಾರೆ. ಮುಳುಗಿದರೆ ಅವರಿಗೊಂದು ಖುಷಿ, ಮಳೆ ಚೆನ್ನಾಗಿ ಆಯಿತೆಂದು. ಹಾಗೆ ಮುಳುಗಿದ್ದು ಮಾರ್ಗಶಿರದ ಹೊತ್ತಿಗೆ ತೊಳೆದಿಟ್ಟ ಹಾಗೆ ಎದ್ದು ಬರುತ್ತದೆ, ಅದರ ಬುಡದಲ್ಲೇ ಜಾತ್ರೆ ಆಗುತ್ತದೆ. ಮೊದಲ ಸಲ ಅವರ ಜೊತೆ ನಿಂತು ನೋಡಿದಾಗ ನನಗೆ ಹೊಟ್ಟೆ ಕಿವುಚಿದಂತಾಯಿತು. ಮುಳುಗುವುದು ಎಂಬ ಮಾತನ್ನು ಇಷ್ಟು ಹಗುರವಾಗಿ ಆಡಬಹುದೆಂದು ನನಗೆ ತಿಳಿದಿರಲಿಲ್ಲ. ಅವರ ನೀರು ಹಿಂದೆ ಸರಿಯುವ ನೀರು.

ನಮ್ಮದು ಸರಿಯದ ನೀರು. ಸರಿಯದ ನೀರಿನ ದಡದಲ್ಲಿ ಜನ ಏನು ಮಾಡಬಹುದೋ ಅದನ್ನು ಮಾಡಿದರು. ಸಿಗಂದೂರು ಚೌಡೇಶ್ವರಿಯ ಮೂಲ ಜಾಗ ಮುಳುಗಿತು. ದೇವಿ ಮೇಲೆ ಬಂದು ಕೂತಳು. ಸಂಕ್ರಾಂತಿಯ ಜಾತ್ರೆಗೆ ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಂಬಾರಗೋಡ್ಲುವಿನಲ್ಲಿ ಲಾಂಚಿಗೆ ಕಾದು ಕಾದು ಕರೂರು ಸೀಮೆಯ ಎರಡು ತಲೆಮಾರು ಮುದಿಯಾಯಿತು. ಹೆರಿಗೆ ನೋವಿನವರೂ, ಪರೀಕ್ಷೆಯ ಮಕ್ಕಳೂ, ಮದುವೆಯ ದಿಬ್ಬಣವೂ ಅದೇ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಆರು ದಶಕ ಬೇಕಾಯಿತು.

ಇನ್ನು ಎರಡನೆಯ ಉಡಿಯ ಮಾತು. 2023ರ ಜಾತ್ರೆ ಕಳೆದು ನಾಲ್ಕು ತಿಂಗಳಾಗಿತ್ತು. ಆ ವರ್ಷ ಮುಂಗಾರು ತಡವಾಗಿ ಬಂತು. ಜೂನ್ ಮೊದಲಲ್ಲಿ ಹಿನ್ನೀರು ತೀರ ಕೆಳಗಿಳಿದಿತ್ತು. "ಒಂದ್ಸಲ ಹೋಗಿ ಬರಾಣ" ಎಂದಳು ಅವ್ವ. ಎಲ್ಲಿಗೆಂದು ನಾನು ಕೇಳಲಿಲ್ಲ. ನನ್ನ ತಮ್ಮ ಕಾರು ತಂದ. ನೀರು ಬಿಟ್ಟುಹೋದ ಬಯಲಿನಲ್ಲಿ ಬಿರುಕು ಬಿಟ್ಟ ಕೆಸರು, ಕರ್ರಗಾದ ಮರದ ಮೋಟುಗಳು, ಅಲ್ಲಲ್ಲಿ ಒಂದು ಬಾವಿಕಟ್ಟೆ. ಅವ್ವ ಕೆಳಗೆ ನೋಡಲೇ ಇಲ್ಲ. ಗುಡ್ಡದ ಸಾಲನ್ನು ನೋಡುತ್ತ, ಈ ಬೋಳುಗುಡ್ಡ ಬಲಕ್ಕೆ ಬರಬೇಕು, ಆ ಕಣಿವೆ ಎದುರಿಗೆ ಬರಬೇಕು ಎನ್ನುತ್ತ ಕೋಲೂರಿ ನಡೆದು ಒಂದು ಕಡೆ ನಿಂತಳು. "ಇನ್ನೂ ಒಳಗೈತೆ. ನೀರು ಬಿಟ್ಟಿಲ್ಲ" ಎಂದಳು.

ಅಲ್ಲಿಯೇ ದಡದಲ್ಲಿ ಕೂತು ಚೀಲ ಬಿಚ್ಚಿದಳು. ಅಕ್ಕಿ, ಕಾಯಿ, ಕಣ, ಬಳೆ. ಅಕ್ಕಿಯಲ್ಲಿ ಹುಳ ಬಿದ್ದಿರಬಹುದು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹೊಸ ಅಕ್ಕಿ, ಬೆಳಗ್ಗೆ ತುಂಬಿಕೊಂಡಿದ್ದಳು. ಕಾಯಿಯೂ ಹೊಸದು. ಕಣ ಮಾತ್ರ ಜಾತ್ರೆಯದು. ಮಾರಿಯ ತವರಿನಿಂದ ತಂದದ್ದು. ನೀರಿನಂಚಿಗೆ ಅದನ್ನು ಇಟ್ಟು, "ಅವಳಿಗಾದ್ರೆ ಊರೆಲ್ಲ ತುಂಬ್ತದೆ. ಇವಳಿಗೆ ಯಾರಿದಾರೆ?" ಎಂದಳು.

ಅವಳೆಂದರೆ ಮಾರಿ. ಇವಳೆಂದರೆ ಎತ್ತಲಾರದೆ ಬಿಟ್ಟುಬಂದ ಬನದ ಚೌಡಿಯೋ, ಗದ್ದೆಯೋ, ಅಜ್ಜಿಯೋ, ನನಗೆ ತಿಳಿಯಲಿಲ್ಲ.

ಆ ಸಾಲಿನಲ್ಲಿ ಕೇಳಿದ ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಹಿಂದೆ ಅವ್ವನಷ್ಟೇ ವಯಸ್ಸಿನ ಹೆಂಗಸೊಬ್ಬರು ನಿಂತಿದ್ದರು. ಶಿವಮೊಗ್ಗದ ಕಡೆಯಿಂದ ಬಸ್ಸಿನಲ್ಲಿ ಬಂದವರು. ನಿಂತು ನಿಂತು ಬೇಸರವಾಗಿ ಅವ್ವನನ್ನು ಕೇಳಿದರು, "ನಿಮ್ದು ಯಾವೂರಾಯ್ತಕ್ಕಾ?" ಅವ್ವ ಈಗ ಐವತ್ತೊಂಬತ್ತು ವರ್ಷದಿಂದ ಭೂಪಟದಲ್ಲಿಲ್ಲದ ತನ್ನೂರಿನ ಹೆಸರು ಹೇಳಿದಳು. ಆ ಹೆಂಗಸು ಅದರ ಪಕ್ಕದ, ಅದೂ ಈಗ ಇಲ್ಲದ, ಇನ್ನೊಂದು ಊರಿನ ಹೆಸರು ಹೇಳಿದರು. ಇಬ್ಬರೂ ಕೈ ಹಿಡಿದುಕೊಂಡರು. ಯಾರ ಮಗಳು, ಯಾವ ಕೇರಿ, ಬನದ ಈಚೆಯೋ ಆಚೆಯೋ ಎಂದು ಮಾತು ಶುರುವಾಯಿತು. ಸಾಲು ಮುಂದೆ ಸರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹಿಂದಿನವರು ಗೊಣಗಿದಾಗ ನಾನೇ ಅವ್ವನ ಭುಜ ಹಿಡಿದು ಎರಡು ಹೆಜ್ಜೆ ಮುಂದೆ ನಡೆಸಿದೆ.